ಹೆಸರು ಹೇಳಿದರೆ ಸಾಕು

ಹುಣಸೂರು ಬಸ್ ನಿಲ್ದಾಣದಲ್ಲಿ ಪಕ್ಕ ಕೂತಿದ್ದ ಹುಡುಗಿ ಮತ್ತು ಅವಳ ದೊಡ್ಡವ್ವನ ಮಾತು ಶಿವನಂಜಮ್ಮನ ಕಿವಿಗೆ ತಾನಾಗಿ ಬೀಳುತ್ತಿತ್ತು.

“ಓದೋಕೆ ಬರ್ದಿದ್ರೂ ಈ ಆ್ಯಪ್ ಸಾಕು ದೊಡ್ಡವ್ವ. ಒತ್ತಿ ಹೆಸ್ರು ಏಳಿದ್ರೆ ಅದೇ ಫೋನ್ ಮಾಡ್ತದೆ. ದೊಡ್ಡಪ್ಪನ ಹೆಸ್ರು ಏಳು.”

“ಗಂಡನ್ ಹೆಸ್ರಾ? ಇವತ್ತಿನವರ್ಗೂ ಬಾಯಲ್ಲಿ ಅಂದೋಳಲ್ಲ ಕಣವ್ವ.”

“ಮುಂಚೆ ಕೂಗ್ತಿದ್ದಂಗೆ ‘ಪುಟ್ಟಿ ಅಪ್ಪ’ ಅಂತ ಆಕ್ಲಾ?”



“ಪುಟ್ಟಿ ತೀರ್ಕೊಂಡ್ಮೇಲೆ ಮನೇಲಿ ಆ ಹೆಸ್ರು ಯಾರೂ ಎತ್ತಲ್ಲ.”

“ತಪ್ಪಾಯ್ತು ಬುಡು. ಬೇರೆ ಆಕ್ತೀನಿ.”

“ಬ್ಯಾಡ, ಅದ್ನೇ ಆಕು. ಆ ನೆಪದಲ್ಲಾದ್ರೂ ದಿನಕ್ಕೊಂದ್ಸಲ ನನ್ ಮಗಳನ್ನ ಕೂಗ್ತೀನಿ.”

ಕಟ್ಟೆಮಳಲವಾಡಿ ಬಸ್ಸು ಬಂತು. ದೊಡ್ಡವ್ವ ಫೋನು ಒತ್ತಿ “ಪುಟ್ಟಿ ಅಪ್ಪ” ಎಂದಳು. ಕರೆ ಹೋದ ಮೇಲೂ, ಮೆಟ್ಟಿಲು ಹತ್ತುತ್ತಾ, ಆಕೆ ಮೆಲ್ಲಗೆ ಇನ್ನೊಮ್ಮೆ “ಪುಟ್ಟಿ” ಅಂದದ್ದು ಶಿವನಂಜಮ್ಮನಿಗೆ ಕೇಳಿಸಿತು.