ನ್ಯಾಯ ಕೇಳಲು ಕಳಿಸಿದ ಫೋಟೋ

ಹೊಸಕೋಟೆ ಬಸ್ ನಿಲ್ದಾಣದಲ್ಲಿ ವಿಶಾಲಾಕ್ಷಮ್ಮ ಅನುಗೊಂಡನಹಳ್ಳಿ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ಬಂದು ಕೂತ ಅಕ್ಕ-ತಮ್ಮ ಇಬ್ಬರೂ ವಕೀಲರನ್ನು ಕಂಡು ಬಂದವರೆಂದು ಮಾತಿನಿಂದಲೇ ತಿಳಿಯಿತು.

"ಸಿಂಚನ ತಾನಾಗೇ ಆ ಹುಡುಗಂಗೆ ಫೋಟೋ ಕಳ್ಸಿದ್ಲು, ಸರಿ. ಕ್ಲಾಸಿಗೆಲ್ಲಾ ಹಂಚಿದೋನು ಅವ್ನು ತಾನೇ? ಕಂಪ್ಲೇಂಟ್ ಕೊಡಕ್ಕೆ ಯಾಕೋ ಹೆದರ್ಬೇಕು?"

"ನೀನೂ ಕಳ್ಸಿದ್ದೀಯಲ್ಲಕ್ಕಾ, ಅವಳ ದೊಡ್ಡಪ್ಪಂಗೆ. ಮಕ್ಕಳ ಅಂಥ ಫೋಟೋ ಯಾರು ಕಳ್ಸಿದ್ರೂ ಕೇಸಂತೆ. ವಕೀಲ್ರು ಹೇಳಿದ್ದು ಕೇಳಿಸ್ಲಿಲ್ವಾ?"

"ಹೆತ್ತೋಳು ಕಣೋ ನಾನು! ಏನ್ಮಾಡ್ಲಿ ಅಂತ ಕೇಳಕ್ಕೆ ಕಳ್ಸಿದ್ದು."

"ಆ ಮಹಾನುಭಾವ್ರು ಮನೆಯೋರ ಗ್ರೂಪಿಗೇ ಹಾಕ್ಬಿಟ್ರು. ಎಲ್ರೂ ಬುದ್ಧಿ ಹೇಳ್ಲಿ ಅಂತ!"

"ಅವತ್ತಿಂದ ಮಗು ಅನ್ನ ಮುಟ್ಟಿಲ್ಲ. ಯಾರ ಮುಂದೆ ತಲೆ ಎತ್ಲಿ ಅಂತಾಳೆ." ಅಕ್ಕನ ದನಿ ಒಡೆಯಿತು. "ನಿಂಗೂ ಕಳ್ಸಿದ್ನಲ್ಲೋ, ಪಾಪಿ ನಾನು."

"ನಾನು ತೆಗೆದು ನೋಡ್ಲಿಲ್ಲ ಕಣಕ್ಕ. ನೀನು ಬರ್ದಿದ್ದು ಓದಿ, ಹಂಗೇ ಅಳಿಸ್ಬಿಟ್ಟೆ."

ಅಕ್ಕ ಅವನ ಮುಖವನ್ನೇ ನೋಡಿದಳು. "ನಿಜವಾಗ್ಲೂ? ಹಂಗಾದ್ರೆ ಅವಳಿಗೆ ಹೇಳಪ್ಪ. ಮಾವ ಒಬ್ಬ ನೋಡಿಲ್ಲ ಅಂತಾದ್ರೂ ಗೊತ್ತಾಗ್ಲಿ."

ಜಡಿಗೇನಹಳ್ಳಿ ಬಸ್ಸು ಬಂತು. ತಮ್ಮ ಅಕ್ಕನ ಚೀಲವನ್ನೂ ತಾನೇ ಎತ್ತಿಕೊಂಡ.

"ಹೇಳ್ತೀನಿ ಬಾ. ಅವಳು ರೂಮಿನ ಬಾಗಿಲು ತೆಗೀದಿದ್ರೂ ಹೊರಗೆ ನಿಂತ್ಕೊಂಡೇ ಹೇಳ್ತೀನಿ."

ಇಬ್ಬರೂ ಬಸ್ಸು ಹತ್ತಿದರು.