ಚೀಲದಲ್ಲಿದ್ದ ಫೈಲು

2006ರ ಜೂನ್ ತಿಂಗಳ ಒಂದು ಬೆಳಿಗ್ಗೆ ಮಾಲತೇಶ ಹುಬ್ಬಳ್ಳಿ ನಿಲ್ದಾಣದಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಮಹಿಳಾ ಸಹಾಯ ಕೇಂದ್ರದ ಇಬ್ಬರು ಹೆಂಗಸರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಕಿರಿಯಳ ತೊಡೆಯ ಮೇಲೆ ಒಂದು ಕೇಸಿನ ಕೆಲಸದ ಬಗ್ಗೆ ಭರ್ತಿ ಮಾಡಿದ ಮೌಲ್ಯಮಾಪನದ ಫಾರ್ಮ್ ಇತ್ತು.

“ವಿದ್ಯಾ, ಪೊಲೀಸರು, ದವಾಖಾನಿ, ವಕೀಲರು, ನಾವು, ಎಲ್ಲಾರೂ ಕೂಡಿ ಕೆಲಸ ಮಾಡೇವಿ ಅಂತ ‘ಉತ್ತಮ’ಕ್ಕ ಗುರುತು ಹಾಕಿದಿ ಹೌದಿಲ್ಲೋ?”

“ಹಾಕೇನ್ರಿ ಅಕ್ಕಾರ. ಈಗ ಹೊಡದು ಹಾಕಬೇಕಂತ ಮಾಡೇನ್ರಿ.”

“ಯಾಕವಾ? ಅತ್ಯಾಚಾರದ ಕೇಸು, ಮೂರು ತಾಸಿನ್ಯಾಗ ಡಾಕ್ಟರ್ ನೋಡ್ಯಾರ. ಇಷ್ಟು ಲಗೂ ಎಲ್ಲಿ ಆಗತೈತಿ?”

“ನಾ ಹೋಗೂದಕ್ಕಿಂತ ಮುಂಚೇನ ಆ ಹುಡುಗಿ ಆದದ್ದನ್ನ ಮೊದಲಿಂದ ನಾಲ್ಕು ಸಲ ಹೇಳ್ಯಾಳ್ರಿ. ಒಬ್ಬರು ಬರಕೊಂಡದ್ದು ಇನ್ನೊಬ್ಬರು ಓದಿಲ್ಲ.”

“ಫಾರ್ಮಿನ್ಯಾಗ ಆ ಪ್ರಶ್ನೆನ ಇಲ್ಲ. ನಮ್ಮ ಮರ್ಯಾದಿ ನೀನ ತಗೀತಿ ನೋಡು.”

“ನಾನೂ ನಿನ್ನೆ ಹೋಗಿ, ‘ಏನಾತು, ಮೊದಲಿಂದ ಹೇಳವಾ’ ಅಂದ್ನಿರಿ. ಪಾಪ, ಹೇಳಿದ್ಲು. ಮುಗದ ಮ್ಯಾಲೆ, ‘ಇನ್ನೂ ಎಷ್ಟ ಮಂದಿ ಅದೀರಿ ಅಕ್ಕಾ’ ಅಂತ ಕೇಳಿದ್ಲು.”

“ಅಕಿ ಫೈಲು ನಿನ್ನ ಚೀಲದಾಗ ಇತ್ತಲ್ಲ?”

“ಇತ್ರಿ. ತಗದು ಓದಲಿಲ್ಲ.”

ಬಸ್ಸು ಬಂತು. ವಿದ್ಯಾ ಗುರುತನ್ನು ಹೊಡೆದು ಹಾಕಿ, ಪಕ್ಕದಲ್ಲಿ ಏನೋ ಬರೆದಳು.

“ನಾಲ್ಕು ಸಲ ಹೇಳ್ಯಾಳ ಅಂತ ಬರದಿಯೇನು?”

“ಐದು ಅಂತ ಬರದೇನ್ರಿ. ಐದನೇದ್ದಕ್ಕ ನನ್ನ ಹೆಸರು ಹಾಕೇನಿ.”

ಇಬ್ಬರೂ ಬಸ್ಸು ಹತ್ತಿದರು. ಮಾಲತೇಶನೂ ಅದೇ ಬಸ್ಸು ಹತ್ತಬೇಕಿತ್ತು. ಆ ಹುಡುಗಿಯ ವಿಷಯವನ್ನು ತಾನೂ ಕದ್ದು ಕೇಳಿದಂತಾಯಿತು ಎನಿಸಿ, ಇನ್ನೊಂದು ಬರಲಿ ಎಂದು ಕುಳಿತೇ ಇದ್ದ.