ಅಮ್ಮನ ಮುಖ ಅಗಲವಾದ ರಾತ್ರಿ

ಆ ದೀಪ ಸ್ವಲ್ಪ ಸಣ್ಣ ಮಾಡ್ರೋ. ನಗೋರು ಈಗಲೇ ನಕ್ಕು ಮುಗಿಸಿಬಿಡಿ. ನಾನು ಶುರು ಮಾಡಿದ ಮೇಲೆ ಹಲ್ಲು ಕಿರಿದೋನನ್ನ ಎಬ್ಬಿಸಿ ಕಳಿಸ್ತೀನಿ.

ಇದು ನನ್ನ ಚಿಕ್ಕಪ್ಪನ ಮಗ ಬೂನ್-ತಿಕ್‌ಗೆ ಆಗಿದ್ದು. ಅರ್ಧ ನನ್ನ ಕಣ್ಣೆದುರಿಗೇ ಆಗಿದ್ದು. ನಾನು ಓದಿದೋನಲ್ಲ. ಆದ್ರೆ ತೈನಾನ್‌ನ ಈ ಉಪ್ಪಿನಗದ್ದೆ ಸೀಮೇಲಿ ನನ್ನ ಕೈಗೆ ಬಂದ ಟೀವಿ ಸರಿಹೋಗದೆ ವಾಪಸ್ ಹೋಗಿದ್ದಿಲ್ಲ. ಯಾರನ್ನ ಬೇಕಾದ್ರೂ ಕೇಳಿ.

ತಿಕ್‌ದು ಕಂಪ್ಯೂಟರ್ ಕೆಲಸ. ಸಾವಿನ ಮನೆಗಳಿಗೆ ದೊಡ್ಡ ಪರದೆ ಬಾಡಿಗೆಗೆ ಕೊಡ್ತಾನೆ. ಚಪ್ಪರದಲ್ಲಿ ಶವದ ಪೆಟ್ಟಿಗೆ ಪಕ್ಕ ಅದನ್ನ ನಿಲ್ಲಿಸಿದ್ರೆ ಸತ್ತೋರ ಮುಖ ಆಳೆತ್ತರ ಬೆಳಗ್ತಾ ಇರುತ್ತೆ. ಕಂಪ್ಯೂಟರನ್ನ ನಡೆಸೋಕೆ ಹಾಕಿರೋದು ಲಿನಕ್ಸ್. ಯಾಕಂದ್ರೆ ಅದಕ್ಕೆ ಯಾರಿಗೂ ಕಾಸು ಕೊಡಬೇಕಾಗಿಲ್ಲ. ಅವನಷ್ಟು ಜಿಪುಣ ನಮ್ಮ ವಂಶದಲ್ಲೇ ಹುಟ್ಟಿಲ್ಲ.

ಆವತ್ತು ರಾತ್ರಿ ಮೀನುಗಂಜಿ ಕುಡಿದು ಮನೆಗೆ ನಡ್ಕೊಂಡು ಬರ್ತಾ ಇದ್ದ. ಮೀನುಕೊಳದ ಏರಿ ಮೇಲೆ ಆಲದಮರ ಇದೆಯಲ್ಲ, ಕೆಂಪು ಬಟ್ಟೆ ಸುತ್ತಿರೋದು... ಅಲ್ಲಿಗೆ ಬಂದ. ಕೊಳದ ನೀರು ಬಡಿಯೋ ಚಕ್ರ ಚಪ್... ಚಪ್... ಚಪ್... ಅಂತಿತ್ತು. ಇದ್ದಕ್ಕಿದ್ದಂಗೆ ನಿಂತೋಯ್ತು. ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದ್ರು.

ಇವನು ತಿರುಗಲಿಲ್ಲ. ಆ ಹೊತ್ತಲ್ಲಿ ಕರೆದ್ರೆ ತಿರುಗೋ ಮುಠ್ಠಾಳ ನಮ್ಮ ಕಡೆ ಯಾವನೂ ಇಲ್ಲ. ಬರಿಗಾಲಿನ ಸದ್ದು ಹತ್ರ ಬಂತು. ಪಟಪಟ ಪಟಪಟ... ಪಕ್ಕದಲ್ಲೇ ನಿಂತಿತು.

"ತಿಕ್ ಅಣ್ಣ... ನಾನು, ಸ್ಯೋಕ್-ಗಿಮ್. ಬೇಗ ಬಾ. ಅಮ್ಮನ ಮುಖ ಅಗಲ ಆಗೋಗಿದೆ."

ಕಡಲ ಚಿಪ್ಪಿನ ಮಾಂಸ ಹಾಕಿ ಸಿಂಪಿ ದೋಸೆ ಮಾರ್ತಾಳಲ್ಲ, ಅದೇ ಸ್ಯೋಕ್-ಗಿಮ್. ಅವಳಮ್ಮ ತೀರಿಕೊಂಡಿದ್ಲು, ಚಪ್ಪರಕ್ಕೆ ಪರದೆ ತಿಕ್‌ದೇ. ಬೆಳಕು ಹರಿಯೋ ಹೊತ್ತಿಗೆ ಪೆಟ್ಟಿಗೆ ಎತ್ತಬೇಕು. ಮುದುಕಿ ಬದುಕಿದ್ದಾಗಲೇ ಒಂದು ಹಳೇ ಫೋಟೋ ತೆಗೆದುಕೊಟ್ಟು, ನನ್ನನ್ನ ಈ ಮುಖದಲ್ಲೇ ಕಳಿಸು, ಬೇರೆ ಮುಖ ಬೇಡ ಅಂತ ಮಗಳ ಕೈ ಹಿಡಿದು ಮಾತು ತಗೊಂಡಿದ್ಲು. ಮಗಳು ಹೂಂ ಅಂದಿದ್ಲು. ಈಗ ನೋಡಿದ್ರೆ ಆ ಮುಖ...

ತಿಕ್ ಚಪ್ಪರಕ್ಕೆ ಹೋಗಿ ನೋಡಿದ. ಶವ ತಂಪಿಡೋ ಯಂತ್ರ ಗುಂಯ್ ಅಂತಿತ್ತು. ಬುದ್ಧನ ನಾಮ ಹಾಡೋ ಜಪದ ಡಬ್ಬಿ ಸಣ್ಣದಾಗಿ ಒಂದೇ ರಾಗ ಎಳೀತಿತ್ತು. ಪರದೆ ಮೇಲೆ ಮುದುಕಿ ಮುಖ ಯಾರೋ ಎರಡೂ ಕಿವಿ ಹಿಡಿದು ಜಗ್ಗಿದಂಗೆ ಆಗಿತ್ತು. ಕೆನ್ನೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು.

ತಪ್ಪು ಇವಂದೇ. ಹಳೇ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಕರಕರ ಅನ್ನುತ್ತೆ ಅಂತ ಸಂಜೆ ಬೇರೆ ಕಾರ್ಡು ಹಾಕಿದ್ದ. ಹೊಸ ಕಾರ್ಡು ಮೊಂಡು ಹಿಡಿದಾಗ, ಹೆಂಗಾದ್ರೂ ಸರಿ ಏನಾದ್ರೂ ತೋರಿಸು ಅಂತ ಲಿನಕ್ಸ್ ಏಳೋ ಜಾಗದಲ್ಲೇ ಒಂದು ಆಜ್ಞೆ ಬರೆದಿದ್ದ. ಅಳಿಸೋದು ಮರೆತಿದ್ದ. ಆ ಆಜ್ಞೆ ಇದ್ರೆ ಕಾರ್ಡನ್ನ ನಡೆಸೋ ಡ್ರೈವರು ಪ್ರೋಗ್ರಾಮು ಏಳೋದೇ ಇಲ್ಲ, ರೆಸಲ್ಯೂಶನ್ ತೀರಾ ಕೆಳಗೇ ಕೂತಿರುತ್ತೆ. ಅಳಿಸಿದ. ಮತ್ತೆ ಚಾಲೂ ಮಾಡಿದ. ಪರದೆ ಕಪ್ಪಾಯ್ತು... ಬಿಳಿ ಅಕ್ಷರ ಸರಸರ ಇಳಿದ್ವು... ಟಿಕ್.

ಮುಖ ಬಂತು. ಸರಿಯಾಗೇ ಬಂತು. ಸ್ಯೋಕ್-ಗಿಮ್ ಅತ್ತುಬಿಟ್ಲು.

ಆದ್ರೆ ಅಮ್ಮನ್ನ ಕೇಳಬೇಕಲ್ಲ. ಕೇಳದೆ ಪೆಟ್ಟಿಗೆ ಎತ್ತೋ ಹಂಗಿಲ್ಲ. ಊದುಬತ್ತಿ ಹಚ್ಚಿದ್ಲು. ಈ ಮುಖ ಆಗುತ್ತಾ ಅಮ್ಮ ಅಂತ ಎರಡು ನಾಣ್ಯ ಚೆಲ್ಲಿದ್ಲು. ಒಂದು ತಲೆ, ಒಂದು ಅಂಕಿ ಬಿದ್ರೆ ಹೂಂ. ಎರಡೂ ಒಂದೇ ಆದ್ರೆ ಇಲ್ಲ. ಟಿಣ್... ಟಿಣ್... ಎರಡೂ ಒಂದೇ ಬಿತ್ತು.

ಟಿಕ್. ಮುಖ ಮತ್ತೆ ಅಗಲ.

ತಿಕ್ ಪರದೆ ಮೇಲೆ ಆಜ್ಞೆ ಹೊಡೆಯೋ ಕಪ್ಪು ಕಿಟಕಿ ತೆಗೆದು ಯಂತ್ರವನ್ನೇ ಕೇಳಿದ, ನಿನಗೆ ಎಷ್ಟು ಪರದೆ ಕಾಣ್ತಿದೆ ಅಂತ. ಎರಡು ಅಂತು. ಒಂದು ಈ ದೊಡ್ಡದು. ಇನ್ನೊಂದು ಹಿಂದಗಡೆ ನೀಲಿ ಸಾಕೆಟ್ಟಿನಲ್ಲಿ. ಎರಡಕ್ಕೂ ಒಗ್ಗೋ ಸಣ್ಣ ರೆಸಲ್ಯೂಶನ್ ಹುಡುಕಿ, ಈ ಮುಖವನ್ನ ಅದಕ್ಕೆ ಜಗ್ಗಿದೆ. ಬಗ್ಗಿ ಟಾರ್ಚು ಬಿಟ್ಟು ನೋಡಿದ. ನೀಲಿ ಸಾಕೆಟ್ಟು ಖಾಲಿ. ಒಳಗೆ ಬರೀ ಧೂಳು.

ಇಂಥದ್ದು ಲಿನಕ್ಸಲ್ಲಿ ಆಗುತ್ತಂತೆ, ಇಲ್ಲದ ಪರದೆ ಇದೆ ಅನ್ನೋದು. ಅದನ್ನ ಬಂದ್ ಮಾಡು ಅಂತ ಟೈಪ್ ಹೊಡೆದ. ಮುಖ ಸರಿಯಾಯ್ತು. ನಾಣ್ಯ ಚೆಲ್ಲಿದ್ರು, ಇಲ್ಲ. ಟಿಕ್, ಅಗಲ. ಡ್ರೈವರು ಕಿತ್ತು ಬೇರೇದು ಹಾಕಿದ. ಸರಿಯಾಯ್ತು. ನಾಣ್ಯ, ಇಲ್ಲ. ಟಿಕ್. ಹಳೇ ಕಾರ್ಡನ್ನೇ ತಂದು ಚುಚ್ಚಿದ. ಅದಕ್ಕೂ ನೀಲಿ ಸಾಕೆಟ್ಟಿನಲ್ಲಿ ಯಾರೋ ಕಾಣ್ತಿದ್ರು...

ಕೊನೆಗೆ ಬುದ್ಧಿ ಬಂತು. ನನಗೆ ಫೋನ್ ಮಾಡಿದ.

ನಾನು ಅಂಗಡೀಲಿದ್ದ ಹಳೇ ಗಾಜಿನ ಮಾನಿಟರನ್ನ ಸ್ಕೂಟರಿಗೆ ಕಟ್ಟಿಕೊಂಡು ಹೋದೆ. ಆ ನೀಲಿ ಪಿನ್ನು ಇರೋದು ಈ ಸೀಮೇಲಿ ಅದೊಂದಕ್ಕೇ. "ಏನೋ ತಿಕ್, ನಿನ್ನ ಬಿಟ್ಟಿ ಲಿನಕ್ಸಿಗೆ ಕೊನೆಗೂ ಯಾರೋ ಬಾಡಿಗೆ ಕೇಳೋಕೆ ಬಂದಂಗಿದೆ" ಅಂದೆ. ಅವನು ನಗಲಿಲ್ಲ. ಅಂಗಿ ಬೆನ್ನಿಗೆ ಅಂಟಿತ್ತು.

"ಅಣ್ಣ," ಅಂದ, ಪಿಸುದನೀಲಿ. "ಯಾರೋ ಜಾಗ ಕೇಳ್ತಾ ಇದಾರೆ."

"ಹಂಗಾದ್ರೆ ಕೊಡು. ಅಷ್ಟಕ್ಕೆ ಹೆದರ್ತೀಯ?"

ಚುಚ್ಚಿದೆ. ಗಾಜು ಝುಂಮ್ ಅಂತು. ನನ್ನ ಕೈಮೇಲಿನ ಕೂದಲೆಲ್ಲ ಎದ್ದು ನಿಂತ್ವು. ದೊಡ್ಡ ಪರದೇಲಿ ಮುಖ ಸರಿಯಾಯ್ತು. ಈ ಸಲ ಅಲ್ಲೇ ನಿಂತಿತು. ನನ್ನ ಮಾನಿಟರಲ್ಲಿ ಮಾತ್ರ ಬರೀ ಬೂದಿ ಬಣ್ಣ. ನಾಣ್ಯ ಚೆಲ್ಲಿದ್ರೆ ಇನ್ನೂ ಇಲ್ಲ ಅಂತಿತ್ತು.

ಆಗ ಕೇಳಿದೆ, ಈ ಮುಖ ಯಾವ ಫೋಟೋದಿಂದ ಕತ್ತರಿಸಿದೆ ಅಂತ. ತಿಕ್ ನೆಲ ನೋಡಿದ. ಆ ಫೋಟೋದಲ್ಲಿ ಇಬ್ಬರಿದ್ರಂತೆ. ಸಾವಿನ ಪಟದಲ್ಲಿ ಇಬ್ಬರನ್ನ ಇಡಬಾರದು. ಇನ್ನೊಬ್ಬರು ಬದುಕಿದ್ರೆ ಅವರನ್ನೂ ಎಳ್ಕೊಂಡು ಹೋಗುತ್ತೆ. ಅದಕ್ಕೇ ಕತ್ತರಿಸಿದ್ದ. ನಾನಾಗಿದ್ರೂ ಕತ್ತರಿಸ್ತಿದ್ದೆ.

ಪೂರ್ತಿ ಫೋಟೋ ತೆಗೆದು ತೋರಿಸಿದ. ಹರೆಯದ ಇಬ್ಬರು ಹೆಂಗಸರು, ಉಪ್ಪಿನ ರಾಶಿ ಮುಂದೆ, ಟೋಪಿ ಹಿಂದಕ್ಕೆ ತಳ್ಳಿ, ಒಬ್ಬರ ಮೇಲೊಬ್ಬರು ಒರಗಿ ನಗ್ತಾ ಇದಾರೆ. ಒಬ್ಬಳು ಸ್ಯೋಕ್-ಗಿಮ್ ಅಮ್ಮ. ಇನ್ನೊಬ್ಬಳು ಯಾರು? ಮಗಳಿಗೆ ಗೊತ್ತಿಲ್ಲ. ಮನೆ ಹಿರೀಕರನ್ನೆಲ್ಲ ಎಬ್ಬಿಸಿ ಕೇಳಿದ್ಲು. ಯಾರಿಗೂ ಗೊತ್ತಿಲ್ಲ. ಈ ಸೀಮೆ ಮುಖ ಪ್ರತಿಯೊಂದೂ ಬಲ್ಲ ನನಗೇ ಗೊತ್ತಿಲ್ಲ.

"ಬದುಕಿದ್ರೆ...?" ಅಂದ ತಿಕ್.

ಜಪದ ಡಬ್ಬಿ ಹಾಡ್ತಾನೇ ಇತ್ತು. ಹೊರಗೆ ಆಗಲೇ ಶವಯಾತ್ರೆ ಬ್ಯಾಂಡಿನೋರ ಗಾಡಿ ಬಂದು ನಿಂತ ಸದ್ದು.

"ಹಾಕು," ಅಂದ್ಲು ಸ್ಯೋಕ್-ಗಿಮ್. "ಪಾಪ ಏನಿದ್ರೂ ನನ್ನ ತಲೆ ಮೇಲಿರಲಿ. ನಾನು ಅಮ್ಮನಿಗೆ ಮಾತು ಕೊಟ್ಟಿದೀನಿ."

ಹಾಕಿದ. ಫೋಟೋದ ಇನ್ನೊಂದು ಅರ್ಧ, ಆ ಹೆಂಗಸು, ನನ್ನ ಗಾಜಿನ ಮಾನಿಟರಲ್ಲಿ ಬಂದು ಕೂತ್ಲು, ಅಮ್ಮನ ಕಡೆಗೇ ಒರಗಿಕೊಂಡು. ನಾಣ್ಯ ಚೆಲ್ಲಿದ್ರು. ಒಂದು ಉರುಳಿ ಉರುಳಿ ಪೆಟ್ಟಿಗೆ ಕಾಲಿಗೆ ತಾಗಿ ಬಿತ್ತು. ಟಿಣ್... ಒಂದು ತಲೆ. ಒಂದು ಅಂಕಿ.

ಬೆಳಿಗ್ಗೆ ಸುಟ್ಟು, ಬೂದಿ ಭರಣಿ ತಗೊಂಡು, ಅದನ್ನ ಇಡೋ ಜಾಗಕ್ಕೆ ವ್ಯಾನಲ್ಲಿ ಹೊರಟ್ವಿ. ನಮ್ಮಲ್ಲಿ ಸೇತುವೆ ಬಂದಾಗೆಲ್ಲ ಮಕ್ಕಳು ಕೂಗಿ ಹೇಳಬೇಕು. ಇಲ್ದಿದ್ರೆ ಸತ್ತೋರು ಈಚೆ ದಡದಲ್ಲೇ ಉಳಿದುಬಿಡ್ತಾರೆ. ಸ್ಯೋಕ್-ಗಿಮ್ ಭರಣಿ ತಬ್ಬಿಕೊಂಡು ಮುಂದೆ ಕೂತಿದ್ಲು. ಸೇತುವೆ ಬಂತು.

"ಅಮ್ಮಾ, ಸೇತುವೆ ಬಂತು, ದಾಟು," ಅಂದ್ಲು. ಅದೇ ಉಸಿರಲ್ಲಿ, "ಗೊಯೆ-ಲಿ ಚಿಕ್ಕಮ್ಮ, ನೀನೂ ದಾಟು."

ಡ್ರೈವರ್ ಗಾಡಿ ನಿಧಾನ ಮಾಡಿದ. ತಿಕ್ ನನ್ನ ತೊಡೆ ಹಿಡಕೊಂಡ. ಯಾರಮ್ಮ ಅದು ಗೊಯೆ-ಲಿ ಅಂತ ನಾನೇ ಬಗ್ಗಿ ಕೇಳಿದೆ. ಅವಳು ತಿರುಗಿ ನನ್ನ ಮುಖ ನೋಡಿದ್ಲು. "ಯಾವ ಗೊಯೆ-ಲಿ, ಮಾಮ?" ಅಂದ್ಲು.

ನಾನು ಹಿಂದಿನ ಸೀಟಲ್ಲೇ ಇದ್ದೆ ಕಣ್ರೋ. ಈ ಎರಡು ಕಿವೀಲೇ ಕೇಳಿದೀನಿ. ಬೇಕಾದ್ರೆ ನಾಳೆ ಹೋಗಿ ಸಿಂಪಿ ದೋಸೆ ತಿಂದು ಅವಳನ್ನೇ ಕೇಳಿ. ಅಮ್ಮ ಅಂತ ಮಾತ್ರ ಕೂಗಿದ್ದೆ ಅಂತಾಳೆ.